ಭರಣಿ ಮಳೆಗೆ ಹಲವು ಕಾಳು, ಆಮೇಲೆ ಅಕ್ಕಡಿ ರಾಗಿ: ನನ್ನ ಅನುಭವ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರ ಅಂತ ಘೋಷಿಸಿದರು. ನಮ್ಮದೂ ಅದರಲ್ಲಿತ್ತು. ಸುತ್ತಮುತ್ತ ಎಕರೆಗೆ ಎರಡು ಕ್ವಿಂಟಾಲ್ ರಾಗಿ ಬಂದಿದ್ದರೆ ಜಾಸ್ತಿ, ಕೆಲವರು ಕೊಯ್ಯದೆ ದನ ಬಿಟ್ಟರು. ನನಗೆ ನಾಲ್ಕರ ಮೇಲೆ ಬಂತು, ಜೊತೆಗೆ ಅವರೆ, ತೊಗರಿ. "ಹೊಲದ ತುಂಬಾ ಕಳೆ ಬೆಳೆಸಿದ್ದಾನೆ" ಅಂದವರೇ ಈಗ ಬದುವಿನ ಮೇಲೆ ನಿಂತು ಲೆಕ್ಕ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರು ಜಿಲ್ಲೆ, ಎರಡೂವರೆ ಎಕರೆ, ಗರಸು (ಸಣ್ಣ ಕಲ್ಲು) ಕೂಡಿದ ಕೆಂಪು ಮಣ್ಣು, ಪೂರ್ತಿ ಮಳೆ ಆಶ್ರಯ. ಶುರು ಮಾಡಿದಾಗ ಮಣ್ಣಿನ ಸಾವಯವ ಇಂಗಾಲ ಶೇ 0.3 ಆಸುಪಾಸು. ರಾಗಿ ಸಾಲುಗಳ ನಡುವೆ ಅವರೆ, ತೊಗರಿ ಸಾಲು ಹಾಕುವ ಅಕ್ಕಡಿ ನಿಮಗೆಲ್ಲ ಗೊತ್ತಿರೋದೇ. ನಾನು ಅದರ ಮುಂದೆ ಇನ್ನೊಂದು ಬಿತ್ತನೆ ಸೇರಿಸಿದೆ. ಅನಂತಪುರದ ಕಡೆ ನವಧಾನ್ಯ ಅಂತ ಮಾಡುತ್ತಾರಲ್ಲ, ಅದೇ. ಭರಣಿ ಮಳೆಗೆ (ಏಪ್ರಿಲ್ ಕೊನೆ, ಮೇ ಮೊದಲು) ಅಲಸಂದೆ, ಹುರುಳಿ, ಹೆಸರು, ಸೆಣಬು, ಎಳ್ಳು, ಸಜ್ಜೆ, ಜೋಳ, ಸಾಸಿವೆ ಹೀಗೆ ಹದಿನೈದು ಬಗೆ, ಎಕರೆಗೆ 12–13 ಕೆ.ಜಿ. ಚೆಲ್ಲುತ್ತೇನೆ. ಸುಮಾರು 50 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಗಿಡಗಳನ್ನು ಹಸಿರು ಗೊಬ್ಬರವಾಗಿ ಹೊಲದಲ್ಲೇ ಮಲಗಿಸುತ್ತೇನೆ. ಜುಲೈ ಕೊನೆಗೆ ರಾಗಿ.

ಮೊದಲ ವರ್ಷ ಅರ್ಧ ಬೀಜ ಇರುವೆ ಪಾಲಾಯಿತು. ಮರುವರ್ಷ ಮೊಳಕೆ ಬಂದ ಮೇಲೆ ಮೂರು ವಾರ ಮಳೆ ಕೈ ಕೊಟ್ಟು ಎಲ್ಲ ಸುಟ್ಟುಹೋಯಿತು. ಬೀಜಕ್ಕೇ ಎಕರೆಗೆ 1,200 ರೂಪಾಯಿ ಹತ್ತಿರ ಖರ್ಚು, ಉಳುಮೆ ಬೇರೆ. ಮನೆಯಲ್ಲಿ ಸುಮ್ನೆ ಡಿಎಪಿ ರಾಸಾಯನಿಕ ಗೊಬ್ಬರ ಹಾಕು ಅಂದರು. ಆಗ ಬೀಜಕ್ಕೆ ಕೆರೆಗೋಡು (ಕೆರೆಯ ಹೂಳುಮಣ್ಣು), ಬೂದಿ, ಸಗಣಿ ಲೇಪನ ಶುರು ಮಾಡಿದೆ. ಇದರಿಂದ ಹದ ಮಳೆ ಬೀಳುವವರೆಗೂ ಬೀಜ ಸುಮ್ಮನೆ ಕಾದಿರುತ್ತದೆ. ಲೇಪನಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಇರುವೆ ಮುಟ್ಟಲ್ಲ. ಅದೇನು ಅಂತ ಹೊಲಕ್ಕೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಸಜ್ಜೆ, ಜೋಳ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಒಂದು ವರ್ಷ ಅದೇ ಎತ್ತರಕ್ಕೆ ಬೆಳೆದು ಕಾಳಿನ ಗಿಡಗಳಿಗೆಲ್ಲ ನೆರಳಾಯಿತು. ಕಡ್ಡಿ ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡಿತು, ರಾಗಿ ಪೈರು ಹಳದಿ ತಿರುಗಿತು. ಈಗ ಮಲಗಿಸಿದ ಮೇಲೆ ಎರಡು ಮೂರು ವಾರ ಬಿಟ್ಟೇ ಬಿತ್ತುವುದು. ರೋಟವೇಟರ್ ಅಂತೂ ಬೇಡವೇ ಬೇಡ. ಮಣ್ಣು ಹಿಟ್ಟಾಗಿ ಒಂದು ಜೋರು ಮಳೆಗೇ ಮೇಲೆ ಹೆಪ್ಪು ಕಟ್ಟುತ್ತದೆ. ನಮ್ಮ ಕಡೆ ಈಗ ಕೂರಿಗೆ (ಎತ್ತಿನ ಬಿತ್ತನೆ ಸಾಧನ) ಹಿಡಿಯುವವರು, ಅದರ ಹಿಂದೆ ಅಕ್ಕಡಿ ಕಾಳು ಬಿತ್ತುವ ಸಡ್ಡೆ ಬಿಡುವವರು ಸಿಗುವುದೇ ಕಷ್ಟ, ಸಿಕ್ಕರೂ ಎತ್ತಿನ ಜೋಡಿಗೆ ದಿನಕ್ಕೆ ಎರಡು ಸಾವಿರದ ಹತ್ತಿರ ಕೇಳುತ್ತಾರೆ. ಆದರೂ ಅಕ್ಕಡಿಗೆ ಆ ದುಡ್ಡು ಕೊಡುತ್ತೇನೆ. ಚೆಲ್ಲಿದ ರಾಗಿಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಸಾಲಾಗಿ ನಿಲ್ಲಲ್ಲ, ಕಳೆ ತೆಗೆಯಲು ಕುಂಟೆ ಹಾಯಿಸಲೂ ಆಗಲ್ಲ.

ನಡುವೆ ಒಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ ನೋಡಿ. ಒಣಗಿದ ಹೆಂಟೆಯನ್ನು ಗಾಜಿನ ಲೋಟದ ನೀರಲ್ಲಿ ಇಡಿ. ಪಕ್ಕದ ಹೊಲದ ಹೆಂಟೆ ಕೆಲವೇ ನಿಮಿಷಕ್ಕೆ ಕರಗಿ ಕೆಸರಾಯಿತು, ನನ್ನದು ಸಂಜೆವರೆಗೂ ಹಾಗೇ ಇತ್ತು. ಬೇರಿನ ಅಂಟು, ಶಿಲೀಂಧ್ರದ ಎಳೆ ಹಿಡಿದಿಟ್ಟ ಮಣ್ಣು ಅದು. 2022ರ ಭಾರಿ ಮಳೆಯಲ್ಲಿ ನೀರು ನಿಲ್ಲದೆ ಇಂಗಿದ್ದು, 2023ರಲ್ಲಿ ಪೈರು ತಡೆದುಕೊಂಡಿದ್ದು ಎರಡೂ ಇದರಿಂದಲೇ ಅಂತ ನನ್ನ ನಂಬಿಕೆ. ಮೇ ತಿಂಗಳಿಂದ ತೊಗರಿ ಕೊಯ್ಯುವ ಜನವರಿವರೆಗೆ ಮಣ್ಣಲ್ಲಿ ಯಾವುದಾದರೊಂದು ಜೀವಂತ ಬೇರು ಇರುತ್ತದೆ. ಸಜ್ಜೆ ಬೇರು ಮೇಲೆ ಹರಡುತ್ತದೆ, ತೊಗರಿ ಆಳಕ್ಕೆ ಇಳಿಯುತ್ತದೆ. ಸಾವಯವ ಇಂಗಾಲ ಈಗ ಶೇ 0.5 ದಾಟಿದೆ. ಹಸಿರು ಗೊಬ್ಬರದ ಡಯಂಚ ಮಾತ್ರ ನನ್ನ ಗರಸಿಗೆ ಹಿಡಿಯಲಿಲ್ಲ, ಸೆಣಬೇ ವಾಸಿ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಡಿಎಪಿ ಮೂಟೆಗೆ 1,350, ನಾಲ್ಕನೇ ವರ್ಷದಿಂದ ಅದು ಉಳಿಯಿತು. ಆ ಬರದ ವರ್ಷ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ಇತ್ತು. ಆದರೆ ಕೈಗೆ ಮೊದಲು ಕಾಸು ಕೊಟ್ಟಿದ್ದು ಸೊಗಡವರೆ. ಹಸಿಕಾಯಿ ಕೆ.ಜಿ.ಗೆ 40ರ ಮೇಲೆ ಹೋಯಿತು, ಬೀಜ, ಎತ್ತು, ಕೂಲಿ ಎಲ್ಲ ಅದರಲ್ಲೇ ಕಳೆಯಿತು.

ಶುರು ಮಾಡುವವರು ಮೊದಲು ಅರ್ಧ ಎಕರೆಗೆ ಮಾಡಿ. ಸೆಣಬಿನ ಬೀಜ ಮಾತ್ರ ಯುಗಾದಿಗೆ ಮುಂಚೆಯೇ ಕೊಂಡಿಡಿ, ಮಳೆ ಶುರುವಾದ ಮೇಲೆ ಅಂಗಡಿಯಲ್ಲಿ ರೇಟೂ ಏರುತ್ತದೆ, ಹಳೇ ಬೀಜವೂ ಸೇರುತ್ತದೆ.