ಹೊರಗಿನಿಂದ ಬಂದ ಸಸಿಗೆ ಎಂಟು ವಾರದ ಕ್ವಾರಂಟೈನ್

ಕಾಡಿನ ಮರಗಳಿಗೆ ಹೊಸ ರೋಗ ಕಾಲಿಡುವುದು ಹೆಚ್ಚಾಗಿ ಆರೋಗ್ಯವಾಗಿ ಕಾಣುವ ಸಸಿಯ ಜೊತೆಗೇ. ಉತ್ತರ ಅಮೆರಿಕದ ಚೆಸ್ಟ್‌ನಟ್ ಕಾಡುಗಳನ್ನು ಬರಿದು ಮಾಡಿದ ತೊಗಟೆ ರೋಗ 1904ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು. ಅದನ್ನು ಹೊತ್ತು ತಂದದ್ದು ಏಷ್ಯಾದ ಚೆಸ್ಟ್‌ನಟ್ ಗಿಡಗಳು. ಅವಕ್ಕೆ ರೋಗ ತಾಳಿಕೊಳ್ಳುವ ಶಕ್ತಿಯಿತ್ತು, ಅಮೆರಿಕದ ಮರಗಳಿಗೆ ಇರಲಿಲ್ಲ. ಹಾಗಾಗಿ ಕಾಡಿನಲ್ಲಿ ನೆಡಲು ಸಸಿ ಬೆಳೆಸುವ ನರ್ಸರಿಯಲ್ಲಿ ಹೊರಗಿನ ಪ್ರತಿ ಸಸಿಯನ್ನೂ ಕನಿಷ್ಠ 8 ವಾರ ಬೇರೆಯೇ ಇಡಿ.

ಮೊದಲು ಜಾಗ. ಅಲ್ಲಿಂದ ಹರಿದ ನೀರು ಉಳಿದ ಸಸಿಗಳ ಕಡೆಗಾಗಲಿ, ಹಳ್ಳಕ್ಕಾಗಲಿ ಹೋಗಬಾರದು. ಬೇರು ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣುವಿನ ಬೀಜಕಣಗಳು ನೀರಿನಲ್ಲಿ ಈಜಬಲ್ಲವು, ನೆಲದಿಂದ ಸಿಡಿದ ಒಂದು ಹನಿಯಲ್ಲೂ ಕುಂಡ ಸೇರಬಲ್ಲವು. ಅದಕ್ಕೇ ಕುಂಡಗಳನ್ನು ನೆಲಕ್ಕೆ ಇಡದೆ, ಒಂದೂವರೆ ಅಡಿಗಿಂತ ಎತ್ತರದ ಜಾಲರಿ ಮೇಜಿನ ಮೇಲಿಡಿ; ಕೆಳಗೆ ಜಲ್ಲಿ ಹರಡಿ. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ. ಪೈಪು, ಕತ್ತರಿ, ಬೂಟು ಆ ಜಾಗಕ್ಕೇ ಮೀಸಲಿರಲಿ. ದಿನದ ಕೊನೆಯ ಕೆಲಸ ಅಲ್ಲಿನದಾಗಿರಲಿ.

ಬಹಳ ಜನ ಎಡವುವುದು ಶಿಲೀಂಧ್ರನಾಶಕದ ವಿಷಯದಲ್ಲಿ. ಮುನ್ನೆಚ್ಚರಿಕೆ ಎಂದು ಮೆಟಲಾಕ್ಸಿಲ್ ಅಥವಾ ಫಾಸ್ಫೋನೇಟ್ ಕೊಟ್ಟರೆ ಫೈಟಾಫ್ತೊರಾ ಸಾಯುವುದಿಲ್ಲ, ಅಡಗಿ ಕೂರುತ್ತದೆ. ಎಲೆ ಹಸಿರಾಗಿಯೇ ಇರುತ್ತದೆ, ಸಸಿ ತಪಾಸಣೆ ದಾಟುತ್ತದೆ. ಔಷಧದ ಕಸುವು ಇಳಿಯುವ ಹೊತ್ತಿಗೆ ಅದು ಕಾಡಿನ ಮಣ್ಣಿನಲ್ಲಿರುತ್ತದೆ. ಆದ್ದರಿಂದ ಈ ಅವಧಿಯಲ್ಲಿ ಸಿಂಪಡಣೆ ಬೇಡವೇ ಬೇಡ. ಸಸಿ ಕೊಟ್ಟವರು ಕೊನೆಯ ಬಾರಿ ಯಾವಾಗ ಔಷಧ ಹೊಡೆದಿದ್ದರೆಂದು ಕೇಳಿ. ಸಸಿಯನ್ನು ಬೇರೆ ಇಟ್ಟ ದಿನ, ಔಷಧ ಹೊಡೆದ ದಿನ, ಇವೆರಡರಲ್ಲಿ ತಡವಾದದ್ದರಿಂದ 8 ವಾರ ಎಣಿಸಿ.

ವಾರಕ್ಕೊಮ್ಮೆ ಕೆಲವು ಸಸಿಗಳನ್ನು ಕುಂಡದಿಂದ ಮೆಲ್ಲಗೆ ಹೊರತೆಗೆದು ಬೇರು ನೋಡಿ. ಆರೋಗ್ಯದ ಬೇರಿನ ತುದಿ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಎರಡು ಬೆರಳಿನಲ್ಲಿ ಹಿಡಿದೆಳೆದರೆ ಹೊರಸಿಪ್ಪೆ ಜಾರಿ ಬಂದು ಒಳಗೆ ನೂಲಿನಂಥ ಎಳೆ ಉಳಿಯುತ್ತದೆ. ಬುಡದ ತೊಗಟೆಯನ್ನು ಚಾಕುವಿನಿಂದ ತೆಳುವಾಗಿ ಕೆರೆದಾಗ ಹಸಿರು-ಬಿಳಿ ಪದರದ ಬದಲು ಕೆಂಗಂದು ಮಚ್ಚೆ ಕಂಡರೂ ಅನುಮಾನಿಸಿ. ನೀಲಗಿರಿ, ಪೇರಲದಂಥ ಸಸಿಗಳ ಎಳೆ ಚಿಗುರಿನಲ್ಲಿ ಕಡು ಹಳದಿ ಪುಡಿ ಕಂಡರೆ ಅದು ಮರ್ಟಲ್ ರಸ್ಟ್ ಎಂಬ ತುಕ್ಕು ರೋಗ ಇರಬಹುದು. ಅದರ ಬೀಜಕಣ ಗಾಳಿಯಲ್ಲಿ ಹಾರುತ್ತದೆ; ಗಿಡ ಅಲುಗಿಸದೆ ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಿ.

ಕಣ್ಣಿಗೆ ಕಾಣದ ಫೈಟಾಫ್ತೊರಾಕ್ಕೆ ಪೇರ್ ಹಣ್ಣಿನ ಪರೀಕ್ಷೆ ಒಳ್ಳೆಯದು. ಅನುಮಾನದ ಕುಂಡಗಳ ಬೇರು ಮತ್ತು ಮಣ್ಣನ್ನು ಡಬ್ಬಿಗೆ ಹಾಕಿ, ಮುಳುಗುವಷ್ಟು ನೀರು ಸುರಿದು, ಗಾಯವಿಲ್ಲದ ಗಟ್ಟಿ ಹಸಿರು ಪೇರ್ ಕಾಯಿಯನ್ನು ಅರ್ಧ ಮುಳುಗುವಂತೆ ಇಡಿ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 3ರಿಂದ 5 ದಿನ ಬಿಟ್ಟು, ತೊಳೆದು, ಇನ್ನೂ ಕೆಲವು ದಿನ ಗಮನಿಸಿ. ನೀರಿನ ಮಟ್ಟದಲ್ಲೋ ಅದರ ಕೆಳಗೋ ಗಟ್ಟಿಯಾದ ಕಂದು ಕಲೆ ಮೂಡಿದರೆ ಲ್ಯಾಬಿಗೆ ಕಳಿಸಿ. ಕಲೆ ಮೆತ್ತಗಾಗಿ ನಾರಿದರೆ ಬಹುಶಃ ಬ್ಯಾಕ್ಟೀರಿಯಾ. ಕಲೆ ಬರಲಿಲ್ಲ ಎಂದ ಮಾತ್ರಕ್ಕೆ ಸಸಿ ಶುದ್ಧ ಎನ್ನುವಂತಿಲ್ಲ. ಪರೀಕ್ಷೆ ಮತ್ತೆ ಮಾಡಿ.

ಬೂಟು, ಟ್ರೇಗಳಿಗೆ 1 ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ 9 ಪಾಲು ನೀರು ಬೆರೆಸಿ 10 ನಿಮಿಷ ನೆನೆಸಿ. ಆದರೆ ಮೊದಲು ಮಣ್ಣನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆಯಲೇಬೇಕು; ಮಣ್ಣು, ಎಲೆಚೂರು ಕ್ಲೋರಿನ್ನನ್ನು ತಿಂದುಹಾಕುತ್ತವೆ, ರೋಗಾಣು ಉಳಿಯುತ್ತದೆ. ದ್ರಾವಣ ದಿನಾ ಹೊಸದಾಗಿರಲಿ. ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬ್ಲೀಚಿನಿಂದ ತುಕ್ಕು ಹಿಡಿಯುವ ಕತ್ತರಿಗೆ 70% ಆಲ್ಕೋಹಾಲ್ ಸಾಕು.

ಒಂದು ಸಸಿಯಲ್ಲಿ ರೋಗ ಖಚಿತವಾದರೆ ಆ ತಂಡದ ಒಂದನ್ನೂ ಹೊರಗೆ ಬಿಡಬೇಡಿ. ಕೂಡಲೇ ಸಸ್ಯ ಸಂರಕ್ಷಣಾ ಅಧಿಕಾರಿಗಳಿಗೆ ತಿಳಿಸಿ. ಅವರು ಬರುವವರೆಗೆ ನೀರು ಹೊರಹರಿಯದಂತೆ ತಡೆದಿಡಿ. ಸತ್ತ ಸಸಿ, ಮಣ್ಣು ಯಾವುದೂ ಗೊಬ್ಬರದ ಗುಂಡಿಗೆ ಹೋಗಕೂಡದು.