ಭಾವ ಜೂಜಿಗೆ ಬಿದ್ದಾಗ ಅಕ್ಕನ ಬೆನ್ನಿಗೆ ನಿಲ್ಲುವುದು ಹೇಗೆ?

ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಚಿನ್ನದ ಸಾಲದ ರಸೀದಿ ಸಿಗುತ್ತದೆ. ಬೀರು ತೆಗೆದು ನೋಡಿದರೆ ಬಳೆಯ ಡಬ್ಬಿ ಖಾಲಿ. ಗಂಡನಿಗೆ ಆನ್‌ಲೈನ್ ರಮ್ಮಿಯ ಅಥವಾ ಕ್ರಿಕೆಟ್ ಬೆಟ್ಟಿಂಗಿನ ಚಟವಿದೆಯೆಂಬುದು ಎಷ್ಟೋ ಹೆಂಗಸರಿಗೆ ತಿಳಿಯುವುದು ಹೀಗೆ. ಕುಡಿತಕ್ಕಾದರೆ ವಾಸನೆಯಿದೆ, ಜೂಜಿಗೆ ಅದೂ ಇಲ್ಲ. ಆದ್ದರಿಂದ ಅಕ್ಕ ತವರಿಗೆ ಫೋನ್ ಮಾಡುವ ಹೊತ್ತಿಗೆ ಸಾಲ ಬಹಳ ಬೆಳೆದಿರುತ್ತದೆ.

ಮೊದಲು ಆಕೆ ಹೇಳುವುದನ್ನು ಪೂರ್ತಿ ಕೇಳಿ. ‘ನೀನೇ ಸ್ವಲ್ಪ ಗಟ್ಟಿಯಾಗಿರಬೇಕಿತ್ತು’ ಎಂಬ ಒಂದು ಮಾತು ಸಾಕು, ಆಕೆ ಮತ್ತೆ ಬಾಯಿ ಬಿಡುವುದಿಲ್ಲ. ಜೂಜಿನ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ. ಹೆಂಡತಿಯ ಕೊರತೆಯಿಂದ ಬರುವ ಕಾಯಿಲೆಯಲ್ಲ ಇದು ಎಂದು ಆಕೆಗೆ ಬಾಯಿಬಿಟ್ಟು ಹೇಳಿ. ಗಂಡನನ್ನು ಬಿಟ್ಟು ಬಾ ಎಂದಾಗಲಿ, ಹೊಂದಿಕೊಂಡು ಹೋಗು ಎಂದಾಗಲಿ ಅವಸರ ಮಾಡಬೇಡಿ. ಆದರೆ ಹೊಡೆತ, ಬೆದರಿಕೆ ಇದೆಯೇ ಎಂಬುದನ್ನು ಮಾತ್ರ ಅಂದೇ ಕೇಳಬೇಕು. ಇದ್ದರೆ ತುರ್ತು ಕರೆಯ 112, ಮಹಿಳಾ ಸಹಾಯವಾಣಿ 181 ಎರಡನ್ನೂ ಆಕೆಯ ಫೋನಿನಲ್ಲಿ ಉಳಿಸಿಕೊಡಿ.

ಎರಡನೆಯದು, ನನ್ನ ಮಟ್ಟಿಗೆ ಅತಿ ಕಷ್ಟದ ಹೆಜ್ಜೆ: ಭಾವನ ಸಾಲ ತೀರಿಸಲು ಹಣ ಕೊಡಬೇಡಿ. ‘ಇದೊಂದು ಸಲ ತೀರಿಸಿಬಿಡೋಣ, ಬುದ್ಧಿ ಬರುತ್ತದೆ’ ಎಂದು ಅಪ್ಪ ನಿವೃತ್ತಿಯ ಹಣ ತೆಗೆಯುತ್ತಾರೆ, ಅಮ್ಮ ಸರ ಬಿಚ್ಚಿಕೊಡುತ್ತಾರೆ. ಆ ಪ್ರೀತಿ ಸುಳ್ಳಲ್ಲ. ಆದರೆ ಕಳೆದದ್ದನ್ನು ಮುಂದಿನ ಪಂದ್ಯದಲ್ಲಿ ಗೆದ್ದು ತರುತ್ತೇನೆ ಎಂಬ ಹಟವೇ ಈ ಚಟದ ತಿರುಳಾಗಿರುವುದರಿಂದ, ಹಳೆಯ ಸಾಲ ತೀರಿದೊಡನೆ ಹೊಸ ಸಾಲದ ಬಾಗಿಲು ತೆರೆದಂತಾಗುತ್ತದೆ. ಜೂಜಿನ ಪೆಟ್ಟು ಆಡಿದವನಿಗೆ ತಟ್ಟದೆ ತವರಿಗೆ ತಟ್ಟುತ್ತದೆ. ಕೊಡಲೇಬೇಕೆನಿಸಿದರೆ ಮಕ್ಕಳ ಶುಲ್ಕವನ್ನು ನೇರವಾಗಿ ಶಾಲೆಗೆ ಕಟ್ಟಿ, ಬಾಡಿಗೆಯನ್ನು ಮನೆ ಮಾಲೀಕರ ಖಾತೆಗೆ ಹಾಕಿ, ತಿಂಗಳ ದಿನಸಿ ತಂದುಕೊಡಿ. ಕೈಗೆ ನಗದು ಬೇಡ.

ಆಮೇಲೆ ಒಂದು ಭಾನುವಾರ ನೋಟ್‌ಬುಕ್ ಹಿಡಿದು ಅಕ್ಕನೊಂದಿಗೆ ಕುಳಿತು, ಯಾರ ಸಾಲ, ಎಷ್ಟು, ಯಾರ ಸಹಿ ಎಂದು ಬರೆಯಿರಿ. ಗಂಡನೊಬ್ಬನೇ ಸಹಿ ಮಾಡಿದ ಸಾಲಕ್ಕೆ, ಹೆಂಡತಿ ಎಂಬ ಒಂದೇ ಕಾರಣಕ್ಕೆ, ಆಕೆ ಹೊಣೆಯಾಗುವುದಿಲ್ಲ. ಜಾಮೀನು ನಿಂತಿದ್ದರೆ, ಅಥವಾ ಸ್ವಸಹಾಯ ಸಂಘದಲ್ಲಿ ತನ್ನ ಹೆಸರಿನಲ್ಲಿ ಎತ್ತಿಕೊಟ್ಟಿದ್ದರೆ ಆಗುತ್ತಾಳೆ. ತನ್ನ ಹೆಸರಿನಲ್ಲಿ ಗೊತ್ತಿಲ್ಲದ ಸಾಲವಿದೆಯೇ ಎಂದು ತಿಳಿಯಲು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯನ್ನು ತೆಗೆಸಿ ನೋಡಬಹುದು. ಅಂದೇ ಆಕೆಯ ಯುಪಿಐ ಮತ್ತು ಎಟಿಎಂ ಪಿನ್ ಬದಲಾಗಲಿ, ಸಂಬಳ ಒಂಟಿ ಹೆಸರಿನ ಖಾತೆಗೆ ಬರುವಂತಾಗಲಿ, ಉಳಿದ ಒಡವೆ ಮತ್ತು ಸೈಟಿನ ಪತ್ರ ಆಕೆಯ ಹೆಸರಿನ ಲಾಕರಿಗೆ ಹೋಗಲಿ. ಸಾಲ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ಬಾಜಿ ಕಟ್ಟಿದ ಹಣಕ್ಕಾದರೋ, 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ, ಬುಕ್ಕಿಯು ನ್ಯಾಯಾಲಯದ ಮೆಟ್ಟಿಲೇರಿ ವಸೂಲಿ ಮಾಡುವಂತಿಲ್ಲ; ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಪೊಲೀಸರಿಗೆ ತಿಳಿಸಿ.

ಭಾವನೊಂದಿಗಿನ ಮಾತನ್ನು ಹತ್ತು ಜನರ ಪಂಚಾಯಿತಿಯಾಗಿಸಬೇಡಿ. ಪಂದ್ಯವಿಲ್ಲದ ದಿನ, ಮಕ್ಕಳು ಎದುರಿಗಿಲ್ಲದ ಹೊತ್ತು ನೋಡಿ, ‘ಭಾವ, ಸಾಲಕ್ಕೆ ನಾವು ದುಡ್ಡು ಕೊಡುವುದಿಲ್ಲ, ಆಸ್ಪತ್ರೆಗೆ ಹೋಗೋಣವೆಂದರೆ ನಾನೇ ಜೊತೆಗೆ ಬರುತ್ತೇನೆ’ ಎಂದು ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಊರು ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಆರಂಭಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಭಾವ ಒಪ್ಪದಿದ್ದರೂ ಅಕ್ಕ ತನ್ನ ಸಲುವಾಗಿ ಕರೆ ಮಾಡಬಹುದೆಂಬುದನ್ನು ಮರೆಯಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಆಡಿಸುವವರಿಗೆ ಮತ್ತು ಜಾಹೀರಾತು ಕೊಡುವವರಿಗೆ ಶಿಕ್ಷೆ ಇಟ್ಟಿದೆಯೇ ಹೊರತು ಆಡಿದವರಿಗಲ್ಲ. ಆ ಭಯದಿಂದ ವೈದ್ಯರ ಹತ್ತಿರ ಮುಚ್ಚಿಡುವ ಕಾರಣವಿಲ್ಲ.

ಸಾಲ ಬಯಲಾದ ದಿನಗಳು ಅಪಾಯದ ದಿನಗಳು. ‘ನಾನು ಇರುವುದೇ ಬೇಡ’ ಎಂಬ ಮಾತು ಭಾವನ ಬಾಯಿಂದಾಗಲಿ ಅಕ್ಕನ ಬಾಯಿಂದಾಗಲಿ ಬಂದರೆ ಅದನ್ನು ನಾಟಕವೆನ್ನದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ, ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಒಡವೆಯನ್ನು ಕಿತ್ತುಕೊಂಡಿದ್ದರೆ, ಮನೆಖರ್ಚಿಗೆ ಕೊಡದೆ ಇದ್ದರೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅದನ್ನು ಆರ್ಥಿಕ ಹಿಂಸೆ ಎಂದೇ ಕರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಇಷ್ಟೆಲ್ಲ ಆದಮೇಲೂ ಭಾವ ಮತ್ತೆ ಆಡಬಹುದು, ಅಕ್ಕ ಕರಗಿ ಇನ್ನೊಂದು ಜೊತೆ ಬಳೆ ಬಿಚ್ಚಿಕೊಡಬಹುದು. ಆಗ ಸಿಟ್ಟು ಮಾಡಿಕೊಂಡು ಅಕ್ಕನ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ಆ ದಿನಾಂಕವನ್ನೂ ಬಳೆಯ ತೂಕವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಆಕೆಯ ಕೈಯಿಂದಲೇ ಬರೆಸಿ, ಮುಂದಿನ ಭಾನುವಾರವೂ ಹೋಗಿ.