ಲೋಕಲ್ ಪಾಸ್ ತಿಂಗಳಿಗೊಂದು ಸಲ ಬೇಡ, ಮೂರು ತಿಂಗಳದ್ದು ತಗೊಳ್ಳಿ
ಡೊಂಬಿವಲಿ, ಠಾಣೆ ಕಡೆಯಿಂದ ದಿನಾ ಮುಂಬೈ ಲೋಕಲ್‌ನಲ್ಲಿ ಓಡಾಡೋರು ಮಂತ್ಲಿ ಪಾಸ್ ಬಿಟ್ಟು ಕ್ವಾರ್ಟರ್ಲಿ ತಗೊಳ್ಳಿ, ಯಾಕಂದ್ರೆ ಮೂರು ತಿಂಗಳಿಗೆ ರೈಲ್ವೆ ಹಾಕೋದು ಮಂತ್ಲಿ ದರದ 2.7 ಪಟ್ಟು ಮಾತ್ರ, ಅಂದ್ರೆ ತಿಂಗಳಿಗೆ 200 ಇದ್ರೆ 600 ಬದಲು 540, ಸರ್‌ಚಾರ್ಜು ಸೇರಿ ಸ್ವಲ್ಪ ಆಚೀಚೆ ಆಗಬಹುದು. ಫಸ್ಟ್ ಕ್ಲಾಸಿನೋರಿಗೆ ಉಳಿತಾಯ ಇನ್ನೂ ಚೆನ್ನಾಗಿ ಕಾಣುತ್ತೆ. ಆದ್ರೆ ವರ್ಷದ ಪಾಸ್ ಇನ್ನೂ ಅಗ್ಗ ಅಂತ ಒಟ್ಟಿಗೆ ದುಡ್ಡು ಸುರೀಬೇಡಿ ಮಾರಾಯ್ರೆ, ಆರು ತಿಂಗಳದ್ದು 5.4 ಪಟ್ಟು, ವರ್ಷದ್ದು 10.8, ಲೆಕ್ಕ ಹಾಕಿ ನೋಡಿ, ತಿಂಗಳಿಗೆ ಬೀಳೋದು ಅಷ್ಟೇ, ಕ್ಯೂ ನಿಲ್ಲೋದು ತಪ್ಪುತ್ತೆ ಅನ್ನೋದೊಂದೇ ಲಾಭ. ವಾರಕ್ಕೆ ಎರಡೇ ದಿನ ಆಫೀಸ್ ಇರೋರಿಗೆ, ಮೇ ತಿಂಗಳಲ್ಲಿ ಮಕ್ಕಳನ್ನ ಕರ್ಕೊಂಡು ಊರಿಗೆ ಹೋಗಿ ಕೂರೋರಿಗೆ ಈ ಮೂರು ತಿಂಗಳ ಪಾಸ್ ಉಪಯೋಗ ಇಲ್ಲ, ಮಧ್ಯೆ ಉಳಿದ ದಿನದ ದುಡ್ಡು ವಾಪಸ್ ಬರಲ್ಲ. ಊರಿಂದ ಬಂದ ಮೇಲೆ ಶುರು ಮಾಡಿ. ಆಮೇಲೆ ಕಾಗದದ ಪಾಸ್ ಆದ್ರೆ ಪ್ಲಾಸ್ಟಿಕ್ ಕವರಲ್ಲಿಡಿ, ಜುಲೈ ಮಳೇಲಿ ಶರ್ಟ್ ಜೇಬಲ್ಲಿ ನೆನೆದು ತಾರೀಖು ಅಳಿಸಿಹೋದ್ರೆ ಟಿಸಿ ಮುಂದೆ ಎಷ್ಟು ಮರಾಠಿ ಮಾತಾಡಿದ್ರೂ ನಡೆಯಲ್ಲ.